ಭಗಂದರ: ಮುಚ್ಚಿಡಬಾರದ ಬೇನೆ

ದಂಪತಿಗಳೇ, ಗುದದ್ವಾರದ ಪಕ್ಕದ ಸಣ್ಣ ರಂಧ್ರದಿಂದ ಆಗಾಗ ಕೀವು ಒಸರುತ್ತಿದ್ದರೆ ಮೂಲವ್ಯಾಧಿಯೆಂದು ಭಾವಿಸಿ ಸುಮ್ಮನಿರಬೇಡಿರಿ. ಒಳಗಿನ ಗ್ರಂಥಿಯಲ್ಲಿ ಕಟ್ಟಿದ ಕೀವು ಹೊರಬರಲು ಕೊರೆದುಕೊಂಡ ಸುರಂಗವೇ ಭಗಂದರ. ಹೊರಬಾಯಿ ಮುಚ್ಚಿದರೂ ಒಳಬಾಯಿ ಉಳಿದಿರುತ್ತದೆ. ಮುಲಾಮಿನಿಂದ ಇದು ವಾಸಿಯಾಗದು. ಲಜ್ಜೆಯಿಂದ ಪತಿಗೂ ಹೇಳದೆ ಸಹಿಸುವ ಸ್ತ್ರೀಯರಿದ್ದಾರೆ.

ಸುರಂಗವು ಮಲವನ್ನು ತಡೆಯುವ ಸ್ನಾಯುವಿನ ಅಲ್ಪಭಾಗವನ್ನಷ್ಟೇ ಹಾದಿದ್ದರೆ ಸೀಳಿ ತೆರೆದಿಟ್ಟರೆ ಸಾಕು. ಬಹುಭಾಗವನ್ನು ದಾಟಿದ್ದರೆ ಅಥವಾ ಕವಲೊಡೆದಿದ್ದರೆ ಅದು ಜಟಿಲ. ಸ್ತ್ರೀಯರಲ್ಲಿ ಮುಂಭಾಗದ ಸ್ನಾಯು ಗಿಡ್ಡ, ಹೆರಿಗೆಯಲ್ಲಿ ಹರಿದಿರಲೂಬಹುದು. ಒಮ್ಮೆಗೇ ಕತ್ತರಿಸಿದರೆ ಮಲದ ಹಿಡಿತವೇ ತಪ್ಪೀತು. ಆದುದರಿಂದ ವೈದ್ಯರು ಮೊದಲು ದಾರ ಪೋಣಿಸಿ ಕೀವು ಬಸಿಯಲು ಬಿಟ್ಟು, ಅನಂತರ ಒಳಬಾಯಿಯನ್ನು ಮುಚ್ಚುತ್ತಾರೆ, ಇಲ್ಲವೆ ಸ್ನಾಯುಗಳ ನಡುವೆ ಸುರಂಗವನ್ನು ಕಟ್ಟಿ ತುಂಡರಿಸುತ್ತಾರೆ. ಸ್ನಾಯು ಉಳಿಯುತ್ತದೆ, ಆದರೆ ಬೇನೆ ಮರಳುವ ಸಂಭವ ಹೆಚ್ಚು. ಎರಡನೆಯ ಶಸ್ತ್ರಕ್ರಿಯೆ ಬೇಕೆಂದರೆ ವೈದ್ಯರನ್ನು ದೂರುವುದು ತರವಲ್ಲ.

ಆಯುರ್ವೇದದ ಕ್ಷಾರಸೂತ್ರವೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸೂತ್ರ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 4, ಶಸ್ತ್ರಕ್ರಿಯೆಯಾದವರಲ್ಲಿ 11 ಮಂದಿಗೆ ಬೇನೆ ಮರಳಿತು. ವಾಸಿಯಾಗಲು ಮಾತ್ರ ಸೂತ್ರಕ್ಕೆ ಹೆಚ್ಚು ವಾರಗಳು ಹಿಡಿದವು. ಬೀದಿಬದಿಯ ಅರೆವೈದ್ಯನ ದಾರವನ್ನು ಇದರೊಡನೆ ಎಣಿಸಬೇಡಿರಿ.

ಮೋರಟಗಿಯ ಕಡೆಯವರು ಸಿಂದಗಿಯಲ್ಲಿ ತೋರಿಸಿ, ಜಟಿಲವೆಂದರೆ ವಿಜಯಪುರಕ್ಕೆ ಹೋಗಬೇಕು, ಪತಿಯೂ ಜೊತೆಗಿರಲಿ. ಈ ಶಸ್ತ್ರಕ್ರಿಯೆಯಾಗಿದ್ದ ಗರ್ಭಿಣಿಯು ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸತಕ್ಕದ್ದು.