ಎದ್ದು ಓಡಾಡುವ ಮಗುವಿನ ಬಲವನ್ನು ಗುರುತಿಸುವುದು

ಫೋಂಡಾದ ಕನ್ನಡ ತರಗತಿಯೊಂದರಲ್ಲಿ ಪಾಠ ವೀಕ್ಷಣೆಗೆ ಕುಳಿತಿದ್ದೆ. ನಾಲ್ಕನೆಯ ತರಗತಿಯ ಬಾಲಕನೊಬ್ಬ ಒಂದೇ ಅವಧಿಯಲ್ಲಿ ಒಂಬತ್ತು ಬಾರಿ ಎದ್ದುಹೋದುದನ್ನು ಟಿಪ್ಪಣಿ ಮಾಡಿಕೊಂಡೆ. ಒತ್ತಕ್ಷರಗಳ ನಕಲು ಅರ್ಧ ಪುಟಕ್ಕೇ ನಿಂತಿತ್ತು. ಅವನ ಪ್ರಗತಿಪತ್ರದಲ್ಲಿ ಇದ್ದುದು ‘ಚಂಚಲ, ಗಮನವಿಲ್ಲ’ ಎಂಬ ಎರಡೇ ಮಾತು. ಸಂಜೆ ಮಾರುಕಟ್ಟೆಯಲ್ಲಿ ಅವನನ್ನೇ ಕಂಡೆ. ತರಕಾರಿ ಮಾರುವ ತಾಯಿಯ ಪಕ್ಕದಲ್ಲಿ ನಿಂತು ಕೊಂಕಣಿಯಲ್ಲಿ ಬೆಲೆ ಹೇಳುತ್ತಿದ್ದ, ಹಿಂದಿಯ ಚೌಕಾಶಿಗೆ ಉತ್ತರಿಸುತ್ತಿದ್ದ, ತಾಯಿಗೆ ಧಾರವಾಡದ ಕನ್ನಡದಲ್ಲಿ ಲೆಕ್ಕ ಒಪ್ಪಿಸುತ್ತಿದ್ದ. ಚಿಲ್ಲರೆ ಒಮ್ಮೆಯೂ ತಪ್ಪಲಿಲ್ಲ.

ತಜ್ಞವೈದ್ಯರು ಆ ಬಾಲಕನಲ್ಲಿ ಎ.ಡಿ.ಎಚ್.ಡಿ. ಇರುವುದನ್ನು ಆಮೇಲೆ ಖಚಿತಪಡಿಸಿದರು. ಹಾಗಾದರೆ ಮಾರುಕಟ್ಟೆಯಲ್ಲಿ ಅಷ್ಟು ಗಮನ ಎಲ್ಲಿಂದ ಬಂತು ಎಂದು ಶಿಕ್ಷಕಿ ಕೇಳಿದರು. ಸಹಜವಾದ ಪ್ರಶ್ನೆ. ಈ ಸ್ಥಿತಿಯಲ್ಲಿ ಗಮನವೇ ಇಲ್ಲವೆಂದಲ್ಲ. ಬೇಕೆಂದಾಗ ಬೇಕಾದಲ್ಲಿ ಅದನ್ನು ನಿಲ್ಲಿಸುವುದು ಕಷ್ಟ. ಕೆಲಸ ಹೊಸತಾಗಿದ್ದು, ಫಲ ತಕ್ಷಣ ಕಾಣುವಂತಿದ್ದು, ಕೈಕಾಲಿಗೆ ಚಲನೆ ಇದ್ದಲ್ಲಿ ಅದು ಸುಲಭವಾಗಿ ನಿಲ್ಲುತ್ತದೆ. ನಕಲು ಬರೆಯುವ ಪುಟದಲ್ಲಿ ಈ ಮೂರೂ ಇರುವುದಿಲ್ಲ.

ಇದನ್ನು ‘ವರ’ವೆಂದು ಹೊಗಳುವವರ ಮಾತನ್ನು ನಾನು ಒಪ್ಪಲಾರೆ. ಪುಸ್ತಕ ಕಳೆದುಕೊಂಡು, ಸರದಿ ಕಾಯಲಾರದೆ, ಗೆಳೆಯರನ್ನೂ ಕಳೆದುಕೊಳ್ಳುವ ಮಗುವಿನ ಸಂಕಟ ನಿಜವಾದುದು. ಬಲವನ್ನು ಹುಡುಕುವುದು ಸಮಾಧಾನಕ್ಕಾಗಿ ಅಲ್ಲ, ಪಾಠಕ್ಕೆ ಹಿಡಿ ಸಿಗಲೆಂದು.

ರೋಗನಿರ್ಣಯ ಶಿಕ್ಷಕರ ಕೆಲಸವಲ್ಲ. 2013ರ ಡಿ.ಎಸ್.ಎಂ.-5 ಕೈಪಿಡಿಯ ಪ್ರಕಾರ ಲಕ್ಷಣಗಳು 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, 6 ತಿಂಗಳಾದರೂ ಮುಂದುವರಿದಿರಬೇಕು, ಒಂದಕ್ಕಿಂತ ಹೆಚ್ಚು ಸನ್ನಿವೇಶಗಳಲ್ಲಿ ತೋರಬೇಕು. ಕೂಲಿಗಾಗಿ ಊರೂರು ಬದಲಿಸುವ ಕುಟುಂಬದ ಮಗು ಪಾಠದ ಭಾಷೆ ತಿಳಿಯದೆಯೋ ನಿದ್ದೆಗೆಟ್ಟೋ ಚಡಪಡಿಸಬಹುದು, ಕಿವಿ ಮಂದವಿರಲೂಬಹುದು. ಇನ್ನು, ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯಲ್ಲಿಯೂ ಇದೇ ತೊಂದರೆ ಇರಬಹುದು. ಅವಳು ಯಾರಿಗೂ ಕಿರುಕುಳ ಕೊಡುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಎರಡು ವಾರ ಒಂದು ಟಿಪ್ಪಣಿ ಪುಸ್ತಕ ಇಡುವಂತೆ ಶಿಕ್ಷಕಿಗೆ ಸೂಚಿಸಿದೆ. ಎದ್ದುಹೋದುದನ್ನಲ್ಲ, ಕುಳಿತುದನ್ನು ಬರೆಯಬೇಕು: ಯಾವ ಕೆಲಸದಲ್ಲಿ, ಎಷ್ಟು ಹೊತ್ತು, ಯಾರ ಜೊತೆ. ಕಥೆ ಹೇಳುವಾಗ, ಹಂಚುವ ಕೆಲಸದಲ್ಲಿ, ಬಾಯಿಲೆಕ್ಕದಲ್ಲಿ ಅವನು ನಿಲ್ಲುತ್ತಿದ್ದ. ಅದನ್ನೇ ಹಿಡಿದು ಅವರು ಒತ್ತಕ್ಷರದ ಪಾಠವನ್ನು ತರಕಾರಿಯ ಬೆಲೆಪಟ್ಟಿಯಾಗಿ ಬದಲಿಸಿದರು. ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ನುಗ್ಗೆಕಾಯಿ, ಮೆಂತ್ಯ: ನಮಗೆ ಬೇಕಾದ ಒತ್ತುಗಳೆಲ್ಲ ಬುಟ್ಟಿಯಲ್ಲೇ ಇದ್ದವು! ಮಿಂಚುಪಟ್ಟಿಗಳನ್ನು ಗೋಡೆಯ ನಾಲ್ಕು ಕಡೆ ಅಂಟಿಸಿದ್ದರಿಂದ ಎದ್ದುಹೋಗುವುದೇ ಪಾಠದ ಭಾಗವಾಯಿತು. ಒಮ್ಮೆಗೆ ಮೂರೇ ಪದ, ಬರೆದೊಡನೆ ತಿದ್ದುಪಡಿ. ಶಿಕ್ಷೆಯಾಗಿ ಆಟದ ಅವಧಿಯನ್ನು ಕಿತ್ತುಕೊಳ್ಳುವ ಪದ್ಧತಿಯನ್ನೂ ಕೈಬಿಟ್ಟರು; ಓಡಾಟ ಹೆಚ್ಚು ಬೇಕಾದ ಮಗುವಿಗೆ ಅದನ್ನೇ ತಪ್ಪಿಸುವುದು ತಿರುಗುಬಾಣ.

ದೂರು ಕೇಳಲೆಂದೇ ಪಾಲಕರ ಸಭೆಗೆ ಬಂದಿದ್ದ ತಾಯಿಗೆ ಶಿಕ್ಷಕಿ ಮೊದಲು ಆ ಪಟ್ಟಿಯನ್ನು ತೋರಿಸಿದರು. ಪೆನ್ಸಿಲು ಈಗಲೂ ದಿನಕ್ಕೊಂದು ಕಳೆಯುತ್ತದೆ. ಬೆಳ್ಳುಳ್ಳಿ ತಪ್ಪಿಲ್ಲದೆ ಬರುತ್ತದೆ. ಮೆಂತ್ಯದ ಯ-ಒತ್ತು ಇನ್ನೂ ಬಂದಿಲ್ಲ.