ಅಂಗಳದ ತುಂಬೆ

ಪಟ್ಟಣದ ಗೃಹಸ್ಥನು ಮನೆಯ ಮುಂದಣ ಹುಲ್ಲುಹಾಸನ್ನು ವಾರಕ್ಕೊಮ್ಮೆ ಯಂತ್ರದಿಂದ ಕತ್ತರಿಸುತ್ತಾನೆ. ಅದರಲ್ಲಿ ತಾನಾಗಿ ಮೊಳೆತ ತುಂಬೆಯನ್ನು ಕಳೆಯೆಂದು ಕೀಳಿಸುತ್ತಾನೆ. ಶಿವರಾತ್ರಿ ಬಂದಾಗ ಅದೇ ತುಂಬೆಯ ಹೂವಿಗಾಗಿ ಪೇಟೆಯಲ್ಲಿ ಅಲೆಯುತ್ತಾನೆ. ಇದಕ್ಕಿಂತ ವಿಚಿತ್ರವಾದ ವ್ಯವಹಾರವುಂಟೆ?

ಕತ್ತರಿಸಿದ ಹುಲ್ಲುಹಾಸಿನ ಪದ್ಧತಿ ಇಂಗ್ಲೆಂಡಿನಿಂದ ಬಂದುದು. ಆ ಯಂತ್ರಕ್ಕೆ ಎಡ್ವಿನ್ ಬಡ್ಡಿಂಗ್ ಎಂಬವನು 1830ರಲ್ಲಿ ಅಲ್ಲಿ ಪೇಟೆಂಟು ಪಡೆದನು. ಅಲ್ಲಿ ಎಲ್ಲ ತಿಂಗಳುಗಳಲ್ಲಿಯೂ ಮಳೆ. ನೆಲ ತಾನೇ ಹಸಿರು. ನಮ್ಮ ಬಯಲುಸೀಮೆಯಲ್ಲಾದರೋ ಬೇಸಗೆಯಲ್ಲಿ ಕೊಳವೆಬಾವಿಯ ನೀರಿಲ್ಲದೆ ಅದು ಉಳಿಯದು. ಅಷ್ಟು ನೀರುಂಡರೂ, ಹೂ ಬಿಡುವ ಮೊದಲೇ ಕತ್ತರಿಸಲ್ಪಡುವುದರಿಂದ, ಅದು ಜೇನಿಗೆ ಮಕರಂದವನ್ನಾಗಲಿ ರಾಟವಾಳ ಹಕ್ಕಿಗೆ ಕಾಳನ್ನಾಗಲಿ ಕೊಡದು.

ಪೂಜೆಗೆ ಒದಗುವ ಗಿಡಗಳೇ ಕಿರುಜೀವಿಗಳಿಗೂ ಆಶ್ರಯವಾಗಿರುವುದು ವಿಚಾರಣೀಯವಾಗಿದೆ. ತುಂಬೆಯ ಬಿಳಿಯ ಹೂವಿಗೆ ಜೇನೂ ಚಿಟ್ಟೆಯೂ ಮುತ್ತುತ್ತವೆ. ಕಿತ್ತಳೆ ಬಣ್ಣದ, ಅಂಚು ಕಪ್ಪಾದ ಚಿಟ್ಟೆಯೊಂದು ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಪಟ್ಟೆಪಟ್ಟೆಯ ಮರಿಹುಳು ಎಕ್ಕದ ವಿಷವನ್ನು ಮೈಯಲ್ಲಿ ಕೂಡಿಟ್ಟು ಹಕ್ಕಿಗಳಿಗೆ ಕಹಿಯಾಗುತ್ತದೆ. ಬಿಲ್ವದ ಚಿಗುರನ್ನು ನಿಂಬೆಚಿಟ್ಟೆಯ ಹುಳು ತಿನ್ನುತ್ತದೆ; ಎಳೆಯದಾಗಿರುವಾಗ ಅದು ಹಕ್ಕಿಯ ಹಿಕ್ಕೆಯಂತೆಯೇ ತೋರುವುದು. ಮಲೆನಾಡಿನಲ್ಲಿ ಈಶ್ವರೀ ಬಳ್ಳಿಯನ್ನುಂಡು ಬೆಳೆಯುವ ದೊಡ್ಡ ಚಿಟ್ಟೆಯೊಂದಿದೆ. ಕರ್ನಾಟಕದ ರಾಜ್ಯ ಚಿಟ್ಟೆ ಅದೇ.

ತೊಡಕೂ ಇಲ್ಲಿಯೇ ಉಂಟು. ಹುಳು ಕಡಿದ ದಳ ಪೂಜೆಗೆ ಸಲ್ಲದೆಂದು ಗೃಹಸ್ಥನು ಗಿಡಕ್ಕೆ ವಿಷ ಸಿಂಪಡಿಸುತ್ತಾನೆ. ಹುಳು ಸತ್ತ ಮೇಲೆ ಚಿಟ್ಟೆಯೆಲ್ಲಿಯದು? ದಿನದ ಪೂಜೆಗೆ ಬೇಕಾದುದಾದರೂ ಎಷ್ಟು ದಳ? ಒಂದೆರಡು ಕೊಂಬೆಗಳನ್ನು ಹುಳುವಿಗೆ ಬಿಟ್ಟರೆ ಬಲಿತ ಬಿಲ್ವಕ್ಕೆ ಕೇಡಿಲ್ಲ, ಮರಳಿ ಚಿಗುರುತ್ತದೆ. ಹೂವಿನ ವಿಷಯವೂ ಹಾಗೆಯೇ. ಗಿಡವನ್ನು ಬರಿದುಮಾಡಿ ಬುಟ್ಟಿ ತುಂಬುವುದು ಭಕ್ತಿಯಲ್ಲ, ಲೋಭ.

ಹುಲ್ಲು ಎತ್ತರವಾದರೆ ಹಾವು ಸೇರೀತೆಂದು ಮನೆಮಂದಿ ಅಂಜುವುದು ನಿಷ್ಕಾರಣವಲ್ಲ. ಬಾಗಿಲು, ಹಾದಿ, ಮಕ್ಕಳಾಡುವ ಎಡೆ ಇವು ಚೊಕ್ಕಟವಾಗಿರಬೇಕು. ಗೋಡೆಯ ಬಳಿ ಕಲ್ಲುಕಟ್ಟಿಗೆಗಳ ರಾಶಿ ಕೂಡದು. ಎಕ್ಕದ ಹಾಲು ಕಣ್ಣಿಗೆ ಕೆಟ್ಟದ್ದಾದುದರಿಂದ ಅದು ಬೇಲಿಯ ಮೂಲೆಯಲ್ಲಿರಲಿ. ಹಕ್ಕಿಗಿಟ್ಟ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬದಿದ್ದರೆ ಸೊಳ್ಳೆ ಹುಟ್ಟುವುದು.

ಎಲ್ಲವನ್ನೂ ಒಮ್ಮೆಗೇ ಅಗೆಯಬೇಕಾಗಿಲ್ಲ. ಮುಂಗಾರಿಗೆ ಮುನ್ನ ಕಾಲುಭಾಗದ ಹುಲ್ಲನ್ನು ಕೆತ್ತಿ ತುಂಬೆಯ ಬೀಜ ಚೆಲ್ಲಿದರೆ ಸಾಕು. ತುಂಬೆ ಒಂದೇ ವರ್ಷದ ಗಿಡ. ಕೆಲವನ್ನು ಕೀಳದೆ ಒಣಗಲು ಬಿಟ್ಟರೆ ಬೀಜ ತಾನೇ ಉದುರಿ ಮರುಮಳೆಗೆ ಮೊಳೆಯುತ್ತದೆ.