ಕೈತೋಟದ ಹಸಿರುಮನೆಗೆ ತಕ್ಕ ಹೊದಿಕೆ

ತರಕಾರಿ ಸಸಿಗಳನ್ನು ಎಬ್ಬಿಸಲು, ದೊಣ್ಣೆ ಮೆಣಸಿನಕಾಯಿ ಅಥವಾ ಹೂಗಳನ್ನು ಬೆಳೆಯಲು ಮನೆಯ ಹತ್ತಿರವೇ ಸಣ್ಣ ಹಸಿರುಮನೆ ಕಟ್ಟಿಕೊಳ್ಳುವ ರೈತರು ಕಂಬ, ಕೊಳವೆಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸುತ್ತಾರೆ. ಆದರೆ ಮೇಲಿನ ಹೊದಿಕೆಯನ್ನು ಅಂಗಡಿಯವರು ಹೇಳಿದಂತೆ ಕೊಂಡುಬಿಡುವುದೇ ಹೆಚ್ಚು. ಚೌಕಟ್ಟು ಹಲವು ವರ್ಷ ನಿಲ್ಲುತ್ತದೆ; ಬಿಸಿಲು, ಮಳೆ, ಗಾಳಿಗಳ ಹೊಡೆತವನ್ನು ದಿನವೂ ತಿನ್ನುವುದು ಹೊದಿಕೆ. ಬೆಳೆ ನಿಂತಿರುವಾಗ ಅದು ಹರಿದರೆ ಹಾಕಿದ ಬಂಡವಾಳವೆಲ್ಲ ನಷ್ಟಕ್ಕೆ ಸಿಲುಕುತ್ತದೆ. ಆದ್ದರಿಂದ ಹೊದಿಕೆಯ ಗುಣಗಳನ್ನು ತಿಳಿದು ಆರಿಸುವುದು ಅವಶ್ಯ.

ಒಳಗೆ ಶಾಖ ಏರುವುದೇಕೆ?

ಹಸಿರುಮನೆಯ ವಿಧಾನ ಬೆಳೆದುಬಂದದ್ದು ಶೀತ ದೇಶಗಳಲ್ಲಿ. ಅಲ್ಲಿ ಶಾಖವನ್ನು ಹಿಡಿದಿಡುವುದೇ ಮುಖ್ಯ ಉದ್ದೇಶ. ನಮ್ಮ ಬಯಲುಸೀಮೆಯಲ್ಲಿ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಶಾಖವನ್ನು ಹೊರಹಾಕುವುದೇ ಕಷ್ಟ.

ಗಾಜಿನ ವಿಶೇಷ ಗುಣದಿಂದಲೇ ಒಳಗೆ ಶಾಖ ಉಳಿಯುತ್ತದೆಂಬ ನಂಬಿಕೆ ಬಹುಕಾಲ ಇತ್ತು. 1909 ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಿನಲ್ಲಿಟ್ಟು ಇದನ್ನು ಪರೀಕ್ಷಿಸಿದರು. ಒಂದಕ್ಕೆ ಗಾಜು, ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಹೊರಬಿಡುವ ಕಲ್ಲುಪ್ಪಿನ ಫಲಕವನ್ನು ಮುಚ್ಚಿದ್ದರು. ಬಿಸಿಲು ಮೊದಲು ಒಂದು ಗಾಜನ್ನು ಹಾದು ಬರುವಂತೆ ಮಾಡಿದಾಗ ಎರಡರಲ್ಲೂ ಉಷ್ಣತೆ ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಬಿಸಿಯಾದ ಗಾಳಿ ಹೊರಹೋಗಲಾರದೆ ಉಳಿಯುವುದೇ ಶಾಖ ಏರಲು ಮುಖ್ಯ ಕಾರಣವೆಂದು ಇದರಿಂದ ತಿಳಿಯುತ್ತದೆ.

ಇದರಿಂದ ರೈತರು ಕಲಿಯಬೇಕಾದ ಪಾಠ ಸ್ಪಷ್ಟ. ಎಷ್ಟೇ ಬೆಲೆಯ ಹೊದಿಕೆ ಹಾಕಿದರೂ ಗಾಳಿಯಾಡದ ಮನೆ ಬೇಸಗೆಯಲ್ಲಿ ಒಲೆಯಂತಾಗುತ್ತದೆ. ಪಕ್ಕದ ಗೋಡೆಗಳಲ್ಲಿ ಸುತ್ತಿ ಮೇಲೆತ್ತುವ ಪರದೆ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ ಇರಲೇಬೇಕು. ಇವೆಲ್ಲ ಸೇರಿ ನೆಲದ ವಿಸ್ತೀರ್ಣದ ಕಾಲು ಭಾಗಕ್ಕಿಂತ ಕಡಿಮೆಯಾಗಬಾರದು. ಕಿಂಡಿಗಳಿಗೆ ಕೀಟನಿರೋಧಕ ಬಲೆ ಕಟ್ಟಿದರೆ ಗಾಳಿಯ ಓಟ ತಗ್ಗುವುದರಿಂದ ತೆರಪು ಇನ್ನೂ ಹೆಚ್ಚಿರಬೇಕು.

ಹೊದಿಕೆಯ ವಿಧಗಳು

1. ಗಾಜು: ಸುಮಾರು ಶೇ. 90 ರಷ್ಟು ಬೆಳಕನ್ನು ಒಳಬಿಡುತ್ತದೆ. ಒಡೆಯದಿದ್ದರೆ ಹಲವು ದಶಕ ಬಾಳುತ್ತದೆ. ಆದರೆ 4 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 10 ಕಿ.ಗ್ರಾಂ ತೂಗುತ್ತದೆ. ಗಟ್ಟಿ ಚೌಕಟ್ಟು ಬೇಕು. ಆಲಿಕಲ್ಲಿನ ಭಯವೂ ಇದೆ. ಸಾಮಾನ್ಯ ರೈತರಿಗೆ ಇದು ಸೂಕ್ತವಲ್ಲ.

2. ಪಾಲಿಕಾರ್ಬೊನೇಟ್ ತಗಡು: ನಡುವೆ ಗಾಳಿಯ ಕೊಳವೆಗಳಿರುವ ಜೋಡಿಪದರದ ತಗಡು ಹಗುರ, ಒಡೆಯುವುದು ಅಪರೂಪ. ಸುಮಾರು ಶೇ. 80 ಬೆಳಕನ್ನು ಬಿಡುತ್ತದೆ. ಹತ್ತು ವರ್ಷ ಬಾಳಬಲ್ಲದು. ಶಾಖವನ್ನು ತಡೆದಿಡುವ ಇದರ ಗುಣ ಚಳಿಯ ನಾಡಿನಲ್ಲಿ ಬೆಲೆಯುಳ್ಳದ್ದು. ನಮ್ಮಲ್ಲಿ ಅದರ ಪ್ರಯೋಜನ ಕಡಿಮೆ. ಹಾಕುವವರು ಅತಿನೇರಳೆ ಕಿರಣ ತಡೆಯುವ ಲೇಪವಿರುವ ಮೈಯನ್ನು ಸೂರ್ಯನ ಕಡೆಗೆ ಇಡಬೇಕು. ಕೊಳವೆಗಳು ಇಳಿಜಾರಿನ ಉದ್ದಕ್ಕೂ ಇರಬೇಕು. ಬಿಸಿಲಿಗೆ ತಗಡು ಹಿಗ್ಗುವುದರಿಂದ ತಿರುಪಿನ ರಂಧ್ರವನ್ನು ಸ್ವಲ್ಪ ದೊಡ್ಡದಾಗಿ ಕೊರೆಯಬೇಕು.

3. ಫೈಬರ್ ಗ್ಲಾಸ್ ತಗಡು: ಹೊಸದರಲ್ಲಿ ಚೆನ್ನಾಗಿರುತ್ತದೆ. ಕ್ರಮೇಣ ಹಳದಿಗೆ ತಿರುಗಿ, ಮೇಲಿನ ಪದರ ಸವೆದು ನಾರು ಹೊರಬರುತ್ತದೆ. ಅಲ್ಲಿ ಧೂಳು, ಪಾಚಿ ಹಿಡಿದು ಬೆಳಕು ಕುಗ್ಗುತ್ತದೆ.

4. ಪಾಲಿಥೀನ್ ಹಾಳೆ: ನಮ್ಮ ಹವೆಗೂ ರೈತರ ಜೇಬಿಗೂ ಹೆಚ್ಚು ಒಗ್ಗುವ ಹೊದಿಕೆ ಇದು. ಸಾಮಾನ್ಯ ಹಾಳೆ ಬಿಸಿಲಿಗೆ ಒಂದು ವರ್ಷದೊಳಗೇ ಪುಡಿಯಾಗುತ್ತದೆ. ಅತಿನೇರಳೆ ಕಿರಣ ನಿರೋಧಕ ವಸ್ತು ಸೇರಿಸಿದ 200 ಮೈಕ್ರಾನ್ ಹಾಳೆ ಸರಿಯಾಗಿ ಹೊದಿಸಿದರೆ ಸುಮಾರು ಮೂರು ವರ್ಷ ಬಾಳುತ್ತದೆ. ಬೆಳಕನ್ನು ಚದುರಿಸಿ ಬಿಡುವ ಹಾಳೆಯನ್ನೇ ಆರಿಸಬೇಕು. ಇದರಿಂದ ಮೇಲಿನ ಎಲೆ, ಕಾಯಿಗಳು ಸುಡುವುದಿಲ್ಲ. ಕೆಳಗಿನ ಎಲೆಗಳಿಗೂ ಬೆಳಕು ದೊರೆಯುತ್ತದೆ. ಹನಿ ತೊಟ್ಟಿಕ್ಕದ ಗುಣವಿದ್ದರೆ ಒಳಮೈಯ ಇಬ್ಬನಿ ಎಲೆಗಳ ಮೇಲೆ ಬೀಳದೆ ಬದಿಗೆ ಹರಿದುಹೋಗಿ ಶಿಲೀಂಧ್ರ ರೋಗಗಳು ಕಡಿಮೆಯಾಗುತ್ತವೆ.

ಭಾರದ ಅಂತರವನ್ನೂ ನೋಡಬೇಕು. 60 ಚ.ಮೀ. ಚಾವಣಿಗೆ ಗಾಜು ಹಾಕಿದರೆ 600 ಕಿ.ಗ್ರಾಂ, 10 ಮಿ.ಮೀ. ಪಾಲಿಕಾರ್ಬೊನೇಟ್ ಹಾಕಿದರೆ ಸುಮಾರು 100 ಕಿ.ಗ್ರಾಂ, ಪಾಲಿಥೀನ್ ಹಾಳೆಯಾದರೆ ಕೇವಲ 11 ಕಿ.ಗ್ರಾಂ. ಹೊದಿಕೆ ಹಗುರವಾದಷ್ಟೂ ಚೌಕಟ್ಟಿನ ಖರ್ಚು ಇಳಿಯುತ್ತದೆ. ಆದರೆ ಹಗುರ ಮನೆಯನ್ನು ಗಾಳಿ ಎತ್ತದಂತೆ ಬುನಾದಿ ಭದ್ರವಾಗಿರಬೇಕು.

ಕೊಳ್ಳುವಾಗ ತೂಕ ನೋಡಿ

ಹಾಳೆಯ ದಪ್ಪ ಕಣ್ಣಿಗೆ ತಿಳಿಯದು, ತಕ್ಕಡಿ ತಿಳಿಸುತ್ತದೆ. 200 ಮೈಕ್ರಾನ್ ಹಾಳೆ ಚದರ ಮೀಟರಿಗೆ ಸುಮಾರು 184 ಗ್ರಾಂ ತೂಗಬೇಕು. ಎಂದರೆ ಒಂದು ಕಿ.ಗ್ರಾಂ ಹಾಳೆ ಸುಮಾರು 5.4 ಚ.ಮೀ. ಮುಚ್ಚುತ್ತದೆ. ಕಿಲೋಗೆ 7 ಚ.ಮೀ. ಬಂದರೆ ಅದು 155 ಮೈಕ್ರಾನ್ ಮಾತ್ರ. ಸುರುಳಿಯ ಉದ್ದ, ಅಗಲಗಳನ್ನು ಗುಣಿಸಿ ತೂಕಕ್ಕೆ ಹೋಲಿಸಿದರೆ ಮೋಸ ಬಯಲಾಗುತ್ತದೆ. ಬಾಳಿಕೆಯ ಭರವಸೆಯನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಬೇರೆ ಬೇರೆ ಹೊದಿಕೆಗಳ ಬೆಲೆಯನ್ನು ಹೋಲಿಸುವಾಗ ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡುವುದು ಸರಿಯಾದ ಕ್ರಮ.

ಹೊದಿಸುವಾಗ ಮತ್ತು ನಂತರ

* ಗಾಳಿಯಿಲ್ಲದ ಹೊತ್ತಿನಲ್ಲಿ, ಹದವಾದ ಬಿಸಿಲಿನಲ್ಲಿ ಹೊದಿಸಬೇಕು. ಚಳಿಯಲ್ಲಿ ಕಟ್ಟಿದ ಹಾಳೆ ಬಿಸಿಲಿಗೆ ಜೋಲುತ್ತದೆ. ಜೋಲುವ ಹಾಳೆ ಗಾಳಿಗೆ ಬಡಿದು ಬೇಗ ಹರಿಯುತ್ತದೆ.
* ಹನಿ ತೊಟ್ಟಿಕ್ಕದ ಗುಣ ಒಂದೇ ಮೈಗೆ ಇದ್ದರೆ ಆ ಮೈ ಒಳಗೆ ಬರಬೇಕು. ಹಾಳೆಯ ಮೇಲಿನ ಬರಹ ನೋಡಿ ಹೊದಿಸಬೇಕು.
* ಬಿಸಿಯಾದ ಕಬ್ಬಿಣದ ಕೊಳವೆಗೆ ತಗಲುವ ಕಡೆಯೇ ಹಾಳೆ ಮೊದಲು ಸೀಳುವುದು. ಆ ಭಾಗಕ್ಕೆ ಬಿಳಿ ಬಣ್ಣ ಬಳಿಯುವುದು ಒಳ್ಳೆಯದು.
* ಗಂಧಕ ಮತ್ತು ಕ್ಲೋರಿನ್ ಇರುವ ಔಷಧಗಳು ಹಾಳೆಯ ನಿರೋಧಕ ಗುಣವನ್ನು ಕೆಡಿಸುತ್ತವೆ. ಬೂದಿರೋಗಕ್ಕೆ ಗಂಧಕವನ್ನು ಪದೇ ಪದೇ ಬಳಸದೆ, ಹಾಳೆಗೆ ತಗಲದಂತೆ ಸಿಂಪಡಿಸಬೇಕು.
* ಬಯಲುಸೀಮೆಯಲ್ಲಿ ಧೂಳನ್ನು ಆಗಾಗ್ಗೆ ನೀರಿನಿಂದ ತೊಳೆಯಬೇಕು. ಕಡು ಬೇಸಗೆಯಲ್ಲಿ ಮಾತ್ರ ನೆರಳು ಪರದೆಯನ್ನು ನಡುಹಗಲಿನಲ್ಲಿ ಎಳೆದು, ಮೋಡವಿದ್ದಾಗ ಸರಿಸಬೇಕು.
* ಮಲೆನಾಡು, ಕರಾವಳಿಗಳಲ್ಲಿ ಹೊದಿಕೆಯ ಮುಖ್ಯ ಕೆಲಸ ಮಳೆಯನ್ನು ತಡೆಯುವುದು. ಚಾವಣಿಗೆ ಕಡಿದಾದ ಇಳಿಜಾರು ಕೊಟ್ಟು, ಪಕ್ಕಗಳನ್ನು ತೆರೆದಿಟ್ಟರೆ ಸಾಕು. ನೀರು ನಿಂತರೆ ಹಾಳೆ ಜೋತು ಹರಿಯುತ್ತದೆ.
* ಹಳೆಯ ಹಾಳೆಯನ್ನು ಸುಡಬಾರದು, ಮರುಬಳಕೆಯವರಿಗೆ ಕೊಡಬೇಕು.

ಹೊಸ ಹಾಳೆಯ ಬೆಲೆಯ ಮೂರನೇ ಒಂದು ಭಾಗವನ್ನು ಪ್ರತಿ ವರ್ಷ ಬೆಳೆಯ ಆದಾಯದಿಂದ ಎತ್ತಿಟ್ಟುಕೊಂಡರೆ ನಾಲ್ಕನೆಯ ವರ್ಷ ಸಾಲ ಮಾಡಬೇಕಾದ ಪ್ರಸಂಗ ಬಾರದು. ಮೊದಲು ಗಾಳಿಗೆ ದಾರಿ ಮಾಡಿ, ಅನಂತರ ಬೆಳಕು, ಬಾಳಿಕೆ, ಬೆಲೆಗಳನ್ನು ತೂಗಿ ನೋಡಿ ಹೊದಿಕೆಯನ್ನು ಆರಿಸಿದಲ್ಲಿ ಸಣ್ಣ ಹಸಿರುಮನೆಯೂ ರೈತನಿಗೆ ನೆಚ್ಚಿನ ಆಸರೆಯಾಗಬಲ್ಲದು.